ಎದುರು ಬೆಟ್ಟದ ಕೂಗು

ಹ್ವೈಮಿಲ್ ತೀರಿಕೊಂಡ ಮೂರನೆಯ ದಿನ ಹೆಂಗಸರೆಲ್ಲ ಸಾವಿನ ಮನೆಯ ಡೇರೆಯಲ್ಲಿ ಕೂತು ಸಕ್ಕರೆಯಿಲ್ಲದ ಕಾಫಿ ಕುಡಿಯುತ್ತಿದ್ದರು. ಅವನ ಹೆಂಡತಿ ಕಣ್ಣೊರೆಸಿಕೊಳ್ಳುತ್ತಲೇ ಗಂಡನ ಗುಣಗಾನ ಮಾಡುತ್ತಿದ್ದಳು.

"ಬಂಗಾರದಂಥ ಮನುಷ್ಯ. ಆದ್ರೆ ಎತ್ತರ ಅಂದ್ರೆ ಮಾತ್ರ ಜೀವ ಹೋಗೋದು. ಹುಡುಗ ಆಗಿದ್ದಾಗ್ಲಿಂದ್ಲೂ ಹಂಗೇ ಅಂತೆ. ಕತ್ತೆ ಮೇಲೆ ಕೂತು ಇಳಿಜಾರಿಗೆ ಬಂದ್ರೂ ಕಣ್ಣು ಮುಚ್ಕೊಂಡ್‌ಬಿಡ್ತಿದ್ದ. ದಾರಿ ನೋಡೋ ಕೆಲಸ ಎಲ್ಲಾ ಕತ್ತೇದೇ."

ಸಾವಿನ ಮನೆ ಎಂಬುದನ್ನೂ ಮರೆತು ಒಂದಿಬ್ಬರು ತಲೆಬಟ್ಟೆಯ ಮರೆಯಲ್ಲಿ ನಕ್ಕರು. ಫಿದ್ದಾ ಮಾತ್ರ ನಗಲಿಲ್ಲ. ಕೈಯಲ್ಲಿದ್ದ ಬಟ್ಟಲು ತುಟಿಯ ಹತ್ತಿರವೇ ನಿಂತುಬಿಟ್ಟಿತ್ತು. ಹಾಗಾದರೆ ಹ್ವೈಮಿಲ್ ಉಮ್ಮುಲ್ ಬಿಯಾರಾ ಬೆಟ್ಟದ ತಲೆಗೆ ಹತ್ತಿರುವ ಮಾತೇ ಇಲ್ಲ. ಹತ್ತದವನು ಅಲ್ಲಿಂದ ಕೂಗುವುದೆಲ್ಲಿಂದ ಬಂತು? ಇಷ್ಟು ವರ್ಷ ಅವನು ಚಹಾಕ್ಕೆ ಬಂದಾಗಲೆಲ್ಲ ಕೇಳದೆಯೇ ಇನ್ನೊಂದು ಚಮಚ ಸಕ್ಕರೆ ಹಾಕಿಕೊಟ್ಟಿದ್ದಳು. ಅದೆಲ್ಲ ದಂಡವಾಯಿತು ಎಂದು ಅವಳಿಗೆ ನಿಜಕ್ಕೂ ಸಿಟ್ಟು ಬಂತು.

ಫಿದ್ದಾ ಚಹಾ ಮಾರುವವಳು. ಬಂಡೆ ಕೊರೆದು ಕಟ್ಟಿದ ಹಳೆಯ ಊರು ಪೆಟ್ರಾದ ನಟ್ಟನಡುವೆ ಎದ್ದು ನಿಂತ ಉಮ್ಮುಲ್ ಬಿಯಾರಾದ ಬುಡದಲ್ಲೇ ಅವಳ ಡೇರೆ. ಹೊರಗಿನಿಂದ ಬಂದವರು ಅವಳ ಚಹಾ ಕುಡಿಯುತ್ತ ತಲೆಯೆತ್ತಿ ಬೆಟ್ಟ ನೋಡುತ್ತಾರೆ, ಹತ್ತಬಹುದೇ ಎಂದು ಅವಳನ್ನೇ ಕೇಳುತ್ತಾರೆ. ಅವಳು ಮುರುಕು ಭಾಷೆಗಳನ್ನೆಲ್ಲ ಒಟ್ಟುಗೂಡಿಸಿ, ಹತ್ತಿ ಹತ್ತಿ, ಮೇಲಿಂದ ಎಲ್ಲ ಕಾಣುತ್ತದೆ, ಬಂಡೆಯಲ್ಲಿ ಕೆತ್ತಿದ ಆ ಹೆಸರಾಂತ ಖಜ್ನೆಯಂತೂ ಅಂಗೈಯಲ್ಲಿಟ್ಟ ಹಾಗೆ ಕಾಣುತ್ತದೆ ಎಂದು ಹುರಿದುಂಬಿಸುತ್ತಾಳೆ. ತಾನು ಹತ್ತಿದ್ದೇನೆಂದು ಯಾವತ್ತೂ ಹೇಳಿಲ್ಲ. ಹತ್ತಿದ್ದೀಯಾ ಎಂದು ಯಾರೂ ಕೇಳಿಲ್ಲ. ಅವಳು ಹತ್ತಿರಲಿಲ್ಲ.

ಹತ್ತದಿರಲು ಕಾರಣವಿತ್ತು. ಎಲ್ಲರೂ ಇನ್ನೂ ಗವಿಗಳಲ್ಲೇ ಇದ್ದ ಕಾಲ ಅದು. ಸರಕಾರ ಅವರನ್ನು ಎಬ್ಬಿಸಿ ಮೇಲಿನ ಊರಿನ ಸಿಮೆಂಟು ಮನೆಗಳಿಗೆ ಕಳಿಸಿರಲಿಲ್ಲ. ಆಗ ಒಂದೊಂದು ಮನೆತನಕ್ಕೆ ಒಂದೊಂದು ಬೆಟ್ಟ. ಫಿದ್ದಾಳ ಅಪ್ಪನ ಗವಿ ಇದ್ದದ್ದು ಹಬೀಸ್ ಗುಡ್ಡದಲ್ಲಿ; ಅದರ ಎದುರಿಗೆ ತಲೆಯೆತ್ತಿ ನಿಂತ ಉಮ್ಮುಲ್ ಬಿಯಾರಾ ಬೇರೆ ಮನೆತನದ್ದು. ಅವರ ಅಪ್ಪಣೆಯಿಲ್ಲದೆ ಆ ಬೆಟ್ಟಕ್ಕೆ ಕಾಲಿಟ್ಟರೆ ಜಗಳ ಗ್ಯಾರಂಟಿ. ಹಾಗೆಯೇ ಒಂದೊಂದು ಹಿಂಡಿಗೂ ಅದರದೇ ಒಂದು ಕೂಗು. ಹಿಂಡನ್ನು ಯಾರು ಕಾಯಲಿ, ಅಜ್ಜಿಯೋ ಸೊಸೆಯೋ, ಆ ಹಿಂಡಿಗೆ ಆ ಕೂಗೇ. ಆಡುಗಳು ಮನುಷ್ಯರ ಮುಖ ನೋಡಿ ಬರುವುದಿಲ್ಲ, ಕೂಗು ಕೇಳಿ ಬರುತ್ತವೆ. ಇನ್ನೊಬ್ಬರ ಹಿಂಡಿನ ಕೂಗನ್ನು ಬಾಯಲ್ಲಿ ಆಡುವುದೆಂದರೆ ಕಳ್ಳತನಕ್ಕೆ ಹತ್ತಿರದ ಮಾತು.

ಫಿದ್ದಾಳ ಅಪ್ಪನ ಹಿಂಡಿಗೆ ನಾಲಿಗೆ ಮಡಚಿ ಉರುಳಿಸಿದ ಒಂದು ಉದ್ದನೆಯ 'ಹ್ರ್ರ್ರ್', ಅದರ ಬೆನ್ನಿಗೆ ಎರಡು ಸಲ 'ಹೋ'. ಹಬೀಸ್ ಗುಡ್ಡದಲ್ಲಿ ಬಂಡೆಯ ಸೂರಿನ ಕೆಳಗೆ ಒಂದು ಕಲ್ಲುಜಗಲಿಯಿದೆ. ಅಲ್ಲಿ ಕೂತು ಅವಳು ಹಿಂಡು ಕಾಯುತ್ತಿದ್ದಳು. ಒಂದು ಬೆಳಿಗ್ಗೆ ಅವಳು ಕೂಗುವ ಮೊದಲೇ ಎದುರು ಬೆಟ್ಟದ ತಲೆಯಿಂದ ಅದೇ ಕೂಗು ಬಂತು. ಆಡುಗಳು ಕತ್ತೆತ್ತಿ ತಬ್ಬಿಬ್ಬಾದವು. ಫಿದ್ದಾ ಸಿಟ್ಟಿನಿಂದ ತಿರುಗಿ ಕೂಗಿದಳು. ಮೇಲಿಂದ ಮತ್ತೆ ಬಂತು. ಮರುದಿನವೂ ಬಂತು. ಆ ಮೇಲೆ ಅದು ಬರದ ದಿನ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಕೂಗಿದವರ ಮುಖ ಒಂದು ದಿನವೂ ಕಾಣಲಿಲ್ಲ. ಅಷ್ಟೆತ್ತರದ ಅಂಚಿನಲ್ಲಿ ಬಂಡೆ ಯಾವುದು, ತಲೆ ಯಾವುದು?

ಇಷ್ಟು ಧೈರ್ಯದ ತುಂಟತನ ಹುಡುಗನದೇ ಎಂದು ಅವಳು ತೀರ್ಮಾನಿಸಿಬಿಟ್ಟಳು. ಹದಿನಾರು ತುಂಬುವ ಹೊತ್ತಿಗೆ ಆ ಬೆಟ್ಟದ ಮನೆತನದಿಂದಲೇ ಹೆಣ್ಣು ಕೇಳಿ ಬಂದರು, ಹುಡುಗನ ಹೆಸರು ಸುವೈಲಿಮ್. ಫಿದ್ದಾ ಒಳಗೊಳಗೇ ಹಿರಿಹಿರಿ ಹಿಗ್ಗಿದಳು. ಮದುವೆಯಾದ ವಾರದಲ್ಲೇ ಗಂಡನನ್ನು ಕೇಳಿದಳು, ಎಲ್ಲಿ, ಈಗ ಕೂಗು ನೋಡೋಣ. ಸುವೈಲಿಮ್ ಕಣ್ಣು ಕಣ್ಣು ಬಿಟ್ಟ.

"ಎಂಥ ಕೂಗು? ಅದು ನಿನ್ನ ಕೂಗೇ ಬೆಟ್ಟಕ್ಕೆ ಬಡಿದು ವಾಪಸ್ ಬರ್ತಿತ್ತು, ಮಾರಾಯ್ತಿ."

"ನಾನು ಬಾಯಿ ತೆಗೆಯೋಕ್ ಮುಂಚೇನೇ ವಾಪಸ್ ಬರ್ತಿತ್ತಾ?"

ಆಮೇಲೆ ಯಾರೋ ಹುಡುಗರಿರಬೇಕು, ನಾವೆಲ್ಲ ಮೇಲೆ ಹೋಗುತ್ತಿದ್ದೆವು ಎಂದ. ಫಿದ್ದಾಳ ಮುಖ ಬಾಡಿತು. ಹೊಸ ಸೊಸೆ ಗಂಡಸರ ವಿಷಯ ಎಲ್ಲೆಂದರಲ್ಲಿ ವಿಚಾರಿಸುವ ಹಾಗಿಲ್ಲವಲ್ಲ, ಸುಮ್ಮನಾದಳು. ಸುಮ್ಮನಾದರೂ ಕುತೂಹಲ ಸತ್ತಿರಲಿಲ್ಲ, ಅದೇ ಮನೆತನದ ಹ್ವೈಮಿಲನೇ ಇರಬೇಕೆಂದು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡಳು. ವರ್ಷ ತುಂಬುವುದರೊಳಗೆ ಯಾವುದೋ ಜಗಳದಲ್ಲಿ ಬಾಯಿ ತಪ್ಪಿ, ನಾನು ಬಂದದ್ದು ನಿನಗಾಗಿ ಅಲ್ಲ ಎಂದುಬಿಟ್ಟಳು. ಯಾವ ಗಂಡಸು ಇದನ್ನು ಕೇಳಿ ಸುಮ್ಮನಿದ್ದಾನು? ಮಾತು ಬೆಳೆಯಿತು. ಫಿದ್ದಾ ಗಂಟು ಕಟ್ಟಿಕೊಂಡು ತವರಿಗೆ ನಡೆದಳು.

ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಅವಳದು ಸಾಟಿ ಮದುವೆ. ಫಿದ್ದಾಳನ್ನು ಸುವೈಲಿಮನಿಗೆ ತಂದ ದಿನವೇ ಸುವೈಲಿಮನ ತಂಗಿ ರಖಿಯಾಳನ್ನು ಫಿದ್ದಾಳ ಅಣ್ಣ ಮುತ್ಲಕನಿಗೆ ಕೊಟ್ಟಿದ್ದರು. ಈ ಮನೆಯ ಹೆಣ್ಣು ತವರಿಗೆ ಬಂದರೆ ಆ ಮನೆಯ ಹೆಣ್ಣೂ ತವರಿಗೆ ಹೋಗಬೇಕು, ಅವಳು ಗಂಡನ ಜೊತೆ ಎಷ್ಟೇ ಸುಖವಾಗಿರಲಿ. ರಖಿಯಾ ಸುಖವಾಗಿಯೇ ಇದ್ದಳು. ಕಂಕುಳಲ್ಲಿ ಹಸುಗೂಸು. ಕಣಿವೆಯ ನಡುವೆ, ಬಿದ್ದ ಕಂಬಗಳ ಹತ್ತಿರ, ಎರಡು ಗಂಟುಗಳೂ ಎದುರುಬದುರಾದವು. ಇಬ್ಬರೂ ಒಬ್ಬರನ್ನೊಬ್ಬರು ದಾಟಿ ನಡೆದರು. ಹಿರಿಯರು ಸೇರಿ ಸಮಾಧಾನ ಮಾಡಿಸಿ ಇಬ್ಬರನ್ನೂ ಅವರವರ ಮನೆಗೆ ಕಳಿಸಲು ಎರಡು ತಿಂಗಳು ಹಿಡಿಯಿತು. ಅಂದಿನಿಂದ ಅವರಿಬ್ಬರ ನಡುವೆ ಹಬ್ಬಕ್ಕೊಂದು ಸಲಾಮು, ಸಾವಿಗೊಂದು ಸಂತಾಪ, ಅಷ್ಟೇ. ಒಬ್ಬಳಿಗೆ ಇನ್ನೊಬ್ಬಳು ಅತ್ತಿಗೆಯೂ ಹೌದು ನಾದಿನಿಯೂ ಹೌದು. ಮುನಿಸಿಗೆ ಎರಡೆರಡು ಕಾರಣ ಸಿಕ್ಕಿತ್ತು.

ಸಾವಿನ ಮನೆಯಿಂದ ಬಂದ ರಾತ್ರಿ ಫಿದ್ದಾ ಲೆಕ್ಕ ಹಾಕಿದಳು. ಗಂಡ ಅಲ್ಲ. ಹ್ವೈಮಿಲ್ ಅಲ್ಲ. ಮತ್ತೆ ಯಾರು? ಸತ್ತು ಹೋಗುವ ಮುಂಚೆ ತನಗೆ ಇದೊಂದು ತಿಳಿಯಬೇಕು. ಆಸ್ಪತ್ರೆಯ ಡಾಕ್ಟರು ಅವಳ ಮಂಡಿಗಳನ್ನು ಒತ್ತಿ ನೋಡಿ, ಮುಂದಿನ ವರ್ಷ ಮನೆಯ ಮೆಟ್ಟಿಲು ಹತ್ತಿದರೆ ಅದೇ ದೊಡ್ಡದು ಎಂದಿದ್ದರು. ಅಂದರೆ ಈ ವಸಂತವೇ ಕೊನೆ. ಬೆಟ್ಟದ ತಲೆಗೆ ಹೋಗಬೇಕು, ತನ್ನ ಜಗಲಿ ಯಾವ ಮೂಲೆಯಿಂದ ಕಾಣುತ್ತದೆಂದು ಹುಡುಕಬೇಕು. ಆಡು ಕಾಯುವವರು ಕೂತ ಕಡೆ ಕಲ್ಲಿನ ಮೇಲೆ ತಮ್ಮ ಗುರುತು ಗೀಚದೆ ಇರುವುದಿಲ್ಲ. ಗುರುತು ಸಿಕ್ಕರೆ ಆಳು ಸಿಕ್ಕಿದ ಹಾಗೆ.

ಬೆಳಿಗ್ಗೆ ಸುವೈಲಿಮನ ಮುಂದೆ ಚಹಾ ಇಟ್ಟು ವಿಷಯ ತೆಗೆದಳು.

"ಉಮ್ಮುಲ್ ಬಿಯಾರಾ ಹತ್ಬೇಕು ಅಂತಿದ್ದೀನಿ."

"ನಿನ್ನ ಮಂಡಿಗೆ ಹೇಳಿದ್ಯಾ?"

"ನಿಮ್ಮ ಮನೆತನದ ಬೆಟ್ಟ. ನಿನ್ನ ಅಪ್ಪಣೆ ಕೇಳ್ಬೇಕಲ್ಲ, ಕೇಳ್ತಿದ್ದೀನಿ."

ಸುವೈಲಿಮನಿಗೆ ಬಹಳ ಖುಷಿಯಾಯಿತು. ಜಗತ್ತಿನ ಮೂಲೆಮೂಲೆಯ ಜನ ಚೀಲ ಬೆನ್ನಿಗೇರಿಸಿ ಅವನ ಬೆಟ್ಟ ಹತ್ತುತ್ತಾರೆ, ಒಬ್ಬರಾದರೂ ಅಪ್ಪಣೆ ಕೇಳಿದ್ದುಂಟೇ? ಗಡ್ಡ ನೀವಿಕೊಂಡು ದೊಡ್ಡ ಮನಸ್ಸಿನಿಂದ ಅಪ್ಪಣೆ ಕೊಟ್ಟ. ಹಾಗಾದರೆ ದಾರಿ ತೋರಿಸಲು ನೀನೇ ಬಾ ಎಂದದ್ದೇ ಅವನಿಗೆ ಕೆಮ್ಮು ಹತ್ತಿತು.

"ನಾವೆಲ್ಲ ಮೇಲೆ ಹೋಗ್ತಿದ್ವಿ ಅಂದಿದ್ಯಲ್ಲ?"

"ಹೋಗ್ತಿದ್ವಿ. ಅರ್ಧದವರೆಗೆ. ಅಲ್ಲಿಂದ ಮೇಲೆ ಮೆಟ್ಟಿಲು ಮುರಿದಿತ್ತು."

"ಈಗ ಹೇಳ್ತಿದ್ದೀಯ."

"ನೀನು ಅರ್ಧವೋ ಪೂರ್ತಿಯೋ ಅಂತ ಕೇಳಿರ್ಲಿಲ್ಲ." ಸುವೈಲಿಮ್ ಚಹಾದ ಲೋಟದೊಳಗೆ ನೋಡುತ್ತ ಹೇಳಿದ. "ದಾರಿ ಬೇಕಾದ್ರೆ ರಖಿಯಾನ ಕೇಳು. ಮೇಲಿನ ದೊಣೆಗಳ ನೀರಿಗೆ ಅವಳು ಹೋಗಿದ್ದಿದೆ."

ಇಡೀ ಯೋಜನೆ ಬಂದು ನಿಂತದ್ದು ಅಲ್ಲಿ. ರಖಿಯಾಳ ಬಾಗಿಲಿಗೆ ಹೋಗಿ ಕೇಳುವುದಕ್ಕಿಂತ ಬರಿಗೈಯಲ್ಲಿ ಬೆಟ್ಟ ಅಗೆಯುವುದೇ ವಾಸಿ ಎಂದು ಫಿದ್ದಾಳಿಗೆ ಅನ್ನಿಸಿತು. ಮೂರು ದಿನ ತಡೆದಳು. ನಾಲ್ಕನೆಯ ದಿನ ಒಂದು ಹಿಡಿ ಒಣ ಮರ್ಯಮಿಯ್ಯಾ ಎಲೆಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೊರಟಳು. ಚಹಾಕ್ಕೆ ಹಾಕುವ ಆ ಎಲೆ ಅವಳ ಹಿತ್ತಲಿನದರಷ್ಟು ಘಮ್ಮೆನ್ನುವುದು ಊರಲ್ಲಿ ಬೇರೆಲ್ಲೂ ಇಲ್ಲ. ಬರಿಗೈಯಲ್ಲಿ ಹೋದೆ ಎಂಬ ಮಾತು ಬರಬಾರದಲ್ಲ.

ರಖಿಯಾ ಹಬೀಸ್ ಗುಡ್ಡದ ಕೆಳಗೆ ಮಣಿಸರ ಹರವಿಕೊಂಡು ಆಡಿನ ಕೂದಲು ನೂಲುತ್ತ ಕೂತಿದ್ದಳು. ಮುತ್ಲಕ್ ಸತ್ತು ಮೂರು ವರ್ಷವಾಗಿತ್ತು. ಒಬ್ಬಳೇ ಬಂದು ಒಬ್ಬಳೇ ಹೋಗುತ್ತಿದ್ದಳು. ಫಿದ್ದಾ ನಿಂತುಕೊಂಡೇ ವಿಷಯ ಹೇಳಿದಳು. ಕಾರಣ ಹೇಳಲಿಲ್ಲ. ಮೊಮ್ಮಕ್ಕಳನ್ನು ಕಂಡವಳು ಹುಡುಗಿಯಾಗಿದ್ದಾಗಿನ ಕೂಗಿನ ಬೆನ್ನು ಹತ್ತಿದ್ದೇನೆಂದು ಯಾವ ಬಾಯಲ್ಲಿ ಹೇಳುವುದು? ಮೇಲೆ ನಿಂತು ಒಮ್ಮೆ ನೋಡಬೇಕು ಎಂದಳು.

ರಖಿಯಾಳ ಕದಿರು ನಿಂತಿತು. ಅವಳು ಫಿದ್ದಾಳನ್ನು ಬಹಳ ಹೊತ್ತು ನೋಡಿದಳು.

"ಈಗ ಯಾಕೆ, ಅತ್ತಿಗೆ?"

"ಮಂಡಿ ಹೋಗ್ತಿದೆ."

"ಚೆನ್ನಾಗಿದ್ದಾಗ ಏನ್ ಮಾಡ್ತಿದ್ದೆ?"

ಫಿದ್ದಾ ಎಲೆಯ ಗಂಟನ್ನು ಅವಳ ಮುಂದೆ ಇಟ್ಟಳು. ಎದ್ದು ಹೋಗುತ್ತಾಳೆ, ಇಲ್ಲವೇ ಹಳೆಯದನ್ನೆಲ್ಲ ಕೆದಕುತ್ತಾಳೆ ಎಂದುಕೊಂಡಳು. ರಖಿಯಾ ಎರಡನ್ನೂ ಮಾಡಲಿಲ್ಲ. ಎಲೆಯ ಗಂಟನ್ನು ಮೂಸಿ ನೋಡಿ ಪಕ್ಕಕ್ಕಿಟ್ಟು, ಯಾವ ಹೊತ್ತಿಗೆ ಹೊರಡುವ ಯೋಚನೆ ಎಂದು ಕೇಳಿದಳು. ಬೆಳಗಿನ ಜಾವ ಎಂದಳು ಫಿದ್ದಾ.

"ಕೆಟ್ಟೆ. ಬೆಳಿಗ್ಗೆ ಬಿಸಿಲೆಲ್ಲ ಮೆಟ್ಟಿಲ ಮೇಲೇ. ಮಧ್ಯಾಹ್ನದ ನಮಾಜು ಮುಗಿಸ್ಕೊಂಡು ಬಾ. ಅಷ್ಟೊತ್ತಿಗೆ ಬೆಟ್ಟ ತನ್ನ ನೆರಳು ತಾನೇ ಹಾಸಿರುತ್ತೆ. ಆ ಪ್ಲಾಸ್ಟಿಕ್ ಚಪ್ಪಲಿ ಹಾಕ್ಕೊಂಡು ಬಂದ್ಯೋ, ನಾನು ಕರ್ಕೊಂಡ್ ಹೋಗಲ್ಲ."

ಅಷ್ಟು ಹೇಳಿ ಮತ್ತೆ ನೂಲತೊಡಗಿದಳು. ಕದಿರು ಮೊದಲಿಗಿಂತ ಜೋರಾಗಿ ತಿರುಗುತ್ತಿತ್ತು.

ಶನಿವಾರ ಎಂದು ನಿಶ್ಚಯವಾಯಿತು. ಫಿದ್ದಾ ತೆಳ್ಳನೆಯ ರೊಟ್ಟಿ ಬಡಿದು ಅದರಲ್ಲಿ ಮೊಸರುಗಟ್ಟಿ ಸುತ್ತಿದಳು, ಖರ್ಜೂರ ಕಟ್ಟಿಕೊಂಡಳು, ಕರಿಹಿಡಿದ ಪುಟ್ಟ ಚಹಾಪಾತ್ರೆ ಚೀಲಕ್ಕಿಳಿಸಿದಳು. ಸುವೈಲಿಮನಿಗೂ ಒಂದು ಕೆಲಸ ಕೊಟ್ಟಳು. ಅವನು ಹಬೀಸ್ ಗುಡ್ಡದ ಜಗಲಿಯಲ್ಲಿ ಕೂತು, ಸಂಜೆಯವರೆಗೆ ಆಗಾಗ ತನ್ನ ಕೆಂಪು ಚೌಕಳಿಯ ತಲೆವಸ್ತ್ರ ಬೀಸುತ್ತಿರಬೇಕು. ಯಾಕೆ ಎಂದು ಕೇಳಿದ.

"ಅಲ್ಲಿಂದ ನೀನು ಎಷ್ಟು ಚಿಕ್ಕವನಾಗಿ ಕಾಣ್ತೀಯ ಅಂತ ನೋಡ್ಬೇಕು."

ಹತ್ತುವುದು ಫಿದ್ದಾ ಎಣಿಸಿದ್ದಕ್ಕಿಂತ ಕಷ್ಟವಾಯಿತು. ಬಂಡೆಯ ಹೊಟ್ಟೆ ಕೊರೆದು ಮಾಡಿದ ಓಣಿಯಂಥ ದಾರಿ. ಆಮೇಲೆ ಸವೆದ ಮೆಟ್ಟಿಲು. ಮೆಟ್ಟಿಲು ಇಲ್ಲದ ಕಡೆ ಬರೀ ಜಾರು. ರಖಿಯಾ ಮುಂದೆ. ಅವಳು ತಿರುಗಿ ನೋಡುತ್ತಿರಲಿಲ್ಲ, ಆದರೆ ಫಿದ್ದಾ ನಿಂತಾಗಲೆಲ್ಲ ಅವಳೂ ನಿಲ್ಲುತ್ತಿದ್ದಳು. ಇಲ್ಲಿ ಎಡಗೋಡೆ ಹಿಡಿ, ಇಲ್ಲಿ ಕೂತು ಜರುಗು, ಇಷ್ಟೇ ಮಾತು. ಎಲ್ಲಿ ಯಾವ ಹೆಜ್ಜೆಯೆಂದು ಅವಳ ಕಾಲಿಗೆ ಗೊತ್ತಿತ್ತು. ನೀರಿಗೆ ಒಂದೆರಡು ಸಲ ಬಂದವಳಿಗೆ ಇಷ್ಟು ನೆನಪೇ ಎಂದು ಫಿದ್ದಾಳಿಗೆ ಅನ್ನಿಸಿತು. ಆದರೆ ಉಸಿರು ಸಿಗದಿರುವಾಗ ಯೋಚನೆ ಮುಂದೆ ಹೋಗಲಿಲ್ಲ.

ಮೇಲೆ ಬಂದಾಗ ಗಾಳಿ ಅವಳ ತಲೆಬಟ್ಟೆಯನ್ನು ಎಳೆದಾಡಿತು. ದೊಣೆಗಳ ಬಾಯಿ, ಮುರಿದ ಗೋಡೆಗಳು, ಅಲ್ಲಲ್ಲಿ ಹಸಿರು. ಫಿದ್ದಾ ಅಂಚಿಗೆ ನಡೆದು ಕೆಳಗೆ ನೋಡಿದಳು. ತಾನು ಹುಟ್ಟಿ ಬೆಳೆದ ಇಡೀ ಜಗತ್ತು ಒಂದು ಚಾಪೆಯಷ್ಟಾಗಿ ಬಿದ್ದುಕೊಂಡಿತ್ತು. ಕಂಬಗಳ ಬೀದಿ, ರಾಜರ ಗೋರಿಗಳು, ಇರುವೆಯಂಥ ಜನ, ತನ್ನದೇ ಡೇರೆಯ ಕಪ್ಪು ಚುಕ್ಕೆ. ಹಿಂದೆ ದೂರದಲ್ಲಿ ಪ್ರವಾದಿ ಹಾರೂನನ ಗೋರಿಯ ಬಿಳಿ ಗುಮ್ಮಟ. ಖಜ್ನೆ ಮಾತ್ರ ಎಲ್ಲಿಯೂ ಇಲ್ಲ. ಈ ಕಡೆ ಬಗ್ಗಿ ನೋಡಿದಳು, ಆ ಕಡೆ ಬಗ್ಗಿ ನೋಡಿದಳು. ಖಜ್ನೆ ತನ್ನ ಕಂದರದೊಳಗೆ ಅವಿತುಕೊಂಡಿತ್ತು. ಅಂಗೈಯಲ್ಲಿಟ್ಟ ಹಾಗೆ ಕಾಣುತ್ತದೆಂದು ಎಷ್ಟು ಜನರನ್ನು ಹತ್ತಿಸಿದ್ದಳೋ! ಅವರ್ಯಾರೂ ತಿರುಗಿ ಬಂದು ಜಗಳವಾಡಿರಲಿಲ್ಲವಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು.

ಆದರೆ ಅವಳು ಬಂದದ್ದು ಖಜ್ನೆಗಲ್ಲ. ಹಬೀಸ್ ಗುಡ್ಡ ಕಾಲಡಿಯಲ್ಲೇ ಇತ್ತು, ಜಗಲಿ ಕಾಣಲಿಲ್ಲ. ಬಂಡೆಯ ಸೂರು ಅದನ್ನು ಮುಚ್ಚಿತ್ತು. ಅಂಚಿನುದ್ದಕ್ಕೂ ಕುಂಟುತ್ತ ನಡೆದಳು, ಬಗ್ಗಿದಳು, ನಿಂತಳು. ಎಲ್ಲೂ ಕೆಂಪು ಬಟ್ಟೆಯಿಲ್ಲ. ಇಷ್ಟೆಲ್ಲ ಮಾಡಿ ಬಂದದ್ದು ನೀರಲ್ಲಿ ಹೋಮವಾಯಿತೇ?

"ಅಲ್ಲಿಂದ ಕಾಣಲ್ಲ," ಎಂದಳು ಹಿಂದಿನಿಂದ ರಖಿಯಾ. "ಇಲ್ಲಿ ಬಾ."

ಏನು ಹುಡುಕುತ್ತಿದ್ದೇನೆಂದು ಫಿದ್ದಾ ಅವಳಿಗೆ ಹೇಳಿರಲೇ ಇಲ್ಲ. ರಖಿಯಾ ಅವಳ ತೋಳು ಹಿಡಿದು ಎರಡು ಬಂಡೆಗಳ ನಡುವಿನ ಒಂದು ಸಂದಿಗೆ ಕರೆದೊಯ್ದಳು. ಒಬ್ಬಳು ಹುಡುಗಿ ಮಂಡಿ ಮಡಚಿ ಕೂರುವಷ್ಟು ಜಾಗ. ಗಾಳಿಗೆ ಕಲ್ಲೆಲ್ಲ ಪುಡಿಯಾಗಿ ಉದುರಿತ್ತು. ಗೀಚಿದ ಗುರುತೇನಾದರೂ ಇದ್ದಿದ್ದರೂ ಈಗಿರಲಿಲ್ಲ. ಫಿದ್ದಾ ಬಗ್ಗಿ ನೋಡಿದಳು. ಎದುರಿಗೆ, ಕೆಳಗೆ, ಸೂರಿನಡಿಯಲ್ಲಿ, ಅವಳ ಜಗಲಿ. ಜಗಲಿಯ ಮೇಲೆ ಸುವೈಲಿಮ್ ತಲೆವಸ್ತ್ರವನ್ನು ಮುಖದ ಮೇಲೆ ಹೊದ್ದುಕೊಂಡು ಕಾಲು ಚಾಚಿ ಮಲಗಿಬಿಟ್ಟಿದ್ದ.

"ನೋಡು ನಿನ್ನ ಗಂಡನ್ನ," ಎಂದಳು ರಖಿಯಾ.

ಅವಳು ಎರಡೂ ಕೈಗಳನ್ನು ಬಾಯಿಗೆ ಮರೆಮಾಡಿ, ನಾಲಿಗೆ ಮಡಚಿ, ಕೂಗಿದಳು. ಉದ್ದನೆಯ ಒಂದು ಹ್ರ್ರ್ರ್. ಅದರ ಬೆನ್ನಿಗೆ ಎರಡು ಸಲ ಹೋ. ಕೆಳಗೆ ಸುವೈಲಿಮ್ ದಡಬಡಿಸಿ ಎದ್ದು ಕೂತು ಆಡುಗಳಿಗಾಗಿ ಅತ್ತಿತ್ತ ನೋಡಿದ.

ಫಿದ್ದಾ ಕಲ್ಲು ಹಿಡಿದುಕೊಂಡು ಕೂತುಬಿಟ್ಟಳು. ದನಿ ಒಡೆದಿತ್ತು, ಮುಪ್ಪಾಗಿತ್ತು. ಆದರೆ ಕೊನೆಯ ಹೋ ಎನ್ನುವಾಗ ದನಿಯನ್ನು ಸ್ವಲ್ಪ ಮೇಲಕ್ಕೆತ್ತಿ ಬಿಡುವ ರೀತಿ, ಅದು ಅವಳ ಅಪ್ಪನ ಮನೆಯ ರೀತಿಯಲ್ಲ. ಈ ಬೆಟ್ಟದ ತಲೆಯ ಮೇಲಿನದು.

"ನೀನಾ?"

"ಇನ್ಯಾರು? ಈ ಬೆಟ್ಟದ ಮೇಲೆ ನನ್ನ ಬಿಟ್ಟು ಇನ್ಯಾರಿದ್ರು?" ರಖಿಯಾ ಅರ್ಥವಾಗದೆ ಅವಳ ಮುಖ ನೋಡಿದಳು. "ನಿಂಗೆ ಗೊತ್ತಿರ್ಲಿಲ್ವಾ?"

ಫಿದ್ದಾ ಹೇಳಿದಳು. ಹುಡುಗ ಎಂದುಕೊಂಡದ್ದು, ಆ ಆಸೆಗೆ ಮದುವೆಗೆ ಹೂಂ ಅಂದದ್ದು, ಜಗಳದ ಆ ಮಾತು, ಹ್ವೈಮಿಲನ ಸಕ್ಕರೆಯವರೆಗೆ ಎಲ್ಲ. ಹೇಳುತ್ತ ಹೇಳುತ್ತ ನಾಚಿಕೆಯಿಂದ ಕುಗ್ಗಿಹೋದಳು. ರಖಿಯಾ ನಗುತ್ತಾಳೆ ಎಂದುಕೊಂಡಿದ್ದಳು. ರಖಿಯಾ ನಗಲಿಲ್ಲ.

"ಆಡುಮರಿಗಳ ಜೊತೆ ನನ್ನೊಬ್ಬಳ್ನೇ ಮೇಲೆ ಕಳಿಸ್ತಿದ್ರು. ಇಷ್ಟು ದೊಡ್ಡ ಬೆಟ್ಟ. ಭಯ ಆಗೋದು. ಕೆಳಗೆ ನಿನ್ನ ಕೂಗು ಕೇಳಿಸ್ತಿತ್ತು. ನಾನು ಅದನ್ನೇ ಕಲ್ತೆ. ನೀನು ತಿರುಗಿ ಕೂಗಿದ ಮೇಲೆ ಭಯ ಹೋಯ್ತು." ಅವಳು ಕೈಯಲ್ಲಿದ್ದ ಮಣ್ಣು ಕೊಡವಿಕೊಂಡಳು. "ಅಣ್ಣನಿಗೆ ಹೆಣ್ಣು ಹುಡುಕೋವಾಗ ಅಮ್ಮನ ಹತ್ರ ನಾನೇ ಹೇಳಿದ್ದು, ಆ ಗುಡ್ಡದ ಹುಡುಗೀನ ತನ್ನಿ ಅಂತ. ನೀನು ನಮ್ಮನೇಗೆ ಬರ್ತೀಯ, ಇಬ್ರೂ ಒಟ್ಟಿಗೆ ಇರ್ಬಹುದು ಅಂತ. ದೊಡ್ಡೋರು ನಿನ್ನನ್ನ ತಂದ್ರು, ನನ್ನನ್ನ ನಿಮ್ಮನೇಗೆ ಕೊಟ್ಟುಬಿಟ್ರು."

ಗಾಳಿ ಒಂದೇ ಸಮನೆ ಬೀಸುತ್ತಿತ್ತು. ರಖಿಯಾ ಕೆಳಗಿನ ಜಗಲಿಯ ಕಡೆ ನೋಡುತ್ತ ಮಾತು ಮುಂದುವರಿಸಿದಳು.

"ಅಲ್ಲಿ ನಿಮ್ಮಪ್ಪನ ಹಿಂಡು ನನ್ನ ಪಾಲಿಗೆ ಬಂತು. ಅದೇ ಜಗಲೀಲಿ ಕೂತು ಈ ಕಡೆಗೆ ಕೂಗ್ತಿದ್ದೆ. ನೀನು ಇಲ್ಲಿದ್ಯಲ್ಲ, ಒಂದು ಸಲ ಆದ್ರೂ ಕೂಗ್ತೀಯ ಅಂತ. ಬೇಸಿಗೆಯೆಲ್ಲ ಕೂಗಿದೆ."

ಫಿದ್ದಾ ಅದನ್ನು ಕೇಳಿದ್ದಳು. ಆ ಬೇಸಿಗೆ ದಿನಾ ಕೇಳಿದ್ದಳು. ಬೆಟ್ಟದ ಬುಡದ ಗವಿಯಲ್ಲಿ ಹಿಟ್ಟು ನಾದುತ್ತ, ಅಪ್ಪನ ಹಿಂಡನ್ನು ಯಾರೋ ಕೂಗುತ್ತಿದ್ದಾರೆ, ತವರಿನ ಕೂಗು ಎಂದು ಕಣ್ಣಲ್ಲಿ ನೀರು ತಂದುಕೊಂಡಿದ್ದಳು. ಕರೆಯುತ್ತಿದ್ದುದು ಆಡುಗಳನ್ನಲ್ಲ, ತನ್ನನ್ನು ಎಂದು ಹೊಳೆದಿರಲಿಲ್ಲ. ಅದನ್ನೂ ಹೇಳಿದಳು. ಹೇಳುವಾಗ ಅವಳಿಗೆ ಅಳು ತಡೆಯಲಾಗಲಿಲ್ಲ. ಬೇರೆ ಮಕ್ಕಳಿಲ್ಲದ ಬೆಟ್ಟದ ತಲೆಯಲ್ಲಿ ಹೆದರಿದ ಒಂದು ಹುಡುಗಿ ತನ್ನನ್ನು ಮನೆತುಂಬಿಸಿಕೊಳ್ಳಲು ಕೇಳಿದ್ದಳು. ತಾನು ಅದೇ ಹುಡುಗಿಯ ಕಂಕುಳಿಗೆ ಕೂಸು ಕಟ್ಟಿಸಿ ತವರಿಗೆ ಓಡಿಸಿದ್ದಳು.

ಫಿದ್ದಾ ಕಲ್ಲಿಗೆ ಆನಿಕೊಂಡು ಎದ್ದಳು. ಕೈ ಎರಡನ್ನೂ ಬಾಯಿಗಿಟ್ಟು, ಎದುರಿನ ಜಗಲಿಯ ಕಡೆ ತಿರುಗಿ, ಇದ್ದಬದ್ದ ಉಸಿರನ್ನೆಲ್ಲ ಹಾಕಿ ಕೂಗಿದಳು. ಕೂಗು ನಡುವೆ ಎರಡು ಕಡೆ ಮುರಿಯಿತು. ಕೆಳಗೆ ಸುವೈಲಿಮ್ ತನ್ನನ್ನೇ ಕರೆಯುತ್ತಿದ್ದಾರೆಂದುಕೊಂಡು ಕೆಂಪು ಬಟ್ಟೆಯನ್ನು ಬಿರುಸಿನಿಂದ ಬೀಸಿದ.

"ಇಷ್ಟು ತಡವಾಗಿ ಕೂಗಿದ್ರೆ ಯಾವ ಆಡು ಬರುತ್ತೆ, ಅತ್ತಿಗೆ?" ಎಂದಳು ರಖಿಯಾ.

"ನೀನು ಬಂದಿದ್ದೀಯಲ್ಲ."

ರಖಿಯಾ ಮುಖ ಆ ಕಡೆ ತಿರುಗಿಸಿಕೊಂಡು ತಲೆಬಟ್ಟೆಯ ತುದಿಯಿಂದ ಮೂಗೊರೆಸಿಕೊಂಡಳು. ಆಮೇಲೆ ಫಿದ್ದಾಳ ಚೀಲ ಎಳೆದು, ಚಹಾಪಾತ್ರೆ ಹೊರತೆಗೆದು, ಒಣ ಪುಳ್ಳೆ ಆರಿಸಲು ಹೋದಳು.

ಇಳಿಯುವಾಗ ಅವಳು ಒಂದು ಮೆಟ್ಟಿಲು ಕೆಳಗೆ ನಿಂತು ನಿಂತು ನಡೆದಳು, ಫಿದ್ದಾಳ ಕೈ ತನ್ನ ಹೆಗಲಿಗೆ ಎಟುಕುವ ಹಾಗೆ. ಫಿದ್ದಾಳ ಮಂಡಿ ಆ ದಿನಕ್ಕೆ ಮುಗಿದೇಹೋಯಿತು, ಆಮೇಲೆ ಅವಳು ಯಾವ ಬೆಟ್ಟವನ್ನೂ ಹತ್ತಲಿಲ್ಲ. ಈಗಲೂ ಹೊರಗಿನವರು ಚಹಾ ಕುಡಿಯುತ್ತ ಮೇಲಿಂದ ಏನು ಕಾಣುತ್ತದೆ ಎಂದು ಕೇಳುತ್ತಾರೆ. ಖಜ್ನೆ ಕಾಣುವುದಿಲ್ಲ, ಅದರ ಆಸೆ ಬಿಡಿ ಎಂದು ಅವಳು ಮೊದಲೇ ಹೇಳಿಬಿಡುತ್ತಾಳೆ. ಮಾತಿನ ನಡುವೆ ಹಬೀಸ್ ಗುಡ್ಡದ ಕೆಳಗಿನ ಮಣಿಸರದ ಅಂಗಡಿಯಿಂದ ಹಿಂಡಿಲ್ಲದ ಒಂದು ಕೂಗು ಬರುತ್ತದೆ. ಫಿದ್ದಾ ಗಿರಾಕಿಯ ಲೋಟವನ್ನು ಹಾಗೇ ಕೆಳಗಿಟ್ಟು, ಮೊದಲು ಅದಕ್ಕೆ ಉತ್ತರ ಕೊಡುತ್ತಾಳೆ.